1969ರ ಫಿಯಟ್: ಎಂಜಿನ್ ಬೇ ಒಳಗೆ ಯಾವ ಕಪ್ಪು ಹೊಡೆಸಲಿ?

ಬಸವನಗುಡಿ_ಫಿಯಟ್

ಎಲ್ಲರಿಗೂ ನಮಸ್ಕಾರ. ನನ್ನದು 1969ರ ಫಿಯಟ್ 1100ಡಿ. ತಾತ ಕೊಂಡ ಗಾಡಿ. ಆಮೇಲೆ ಚಿಕ್ಕಪ್ಪನ ಹತ್ತಿರ ಇತ್ತು, ಈಗ ನನ್ನ ಪಾಲಿಗೆ ಬಂದಿದೆ. ಎಂಜಿನ್ ಇಳಿಸಿ ಬೋರಿಂಗ್‌ಗೆ ಕಳಿಸಿದ್ದೇವೆ. ಅದು ವಾಪಸ್ ಬರುವಷ್ಟರಲ್ಲಿ ಎಂಜಿನ್ ಬೇ, ಅಂದರೆ ಬಾನೆಟ್ ಕೆಳಗೆ ಎಂಜಿನ್ ಕೂರುವ ಜಾಗದ ಬಣ್ಣದ ಕೆಲಸ ಮುಗಿಸಿಬಿಡೋಣ ಅಂತ. ಖಾಲಿ ಇರುವಾಗಲೇ ಕೈ ಆಡುವುದು, ಆಮೇಲೆ ಕಷ್ಟ ಅಲ್ವಾ.

ಸದ್ಯಕ್ಕೆ ಒಳಗೆ ಒಂದೊಂದು ಕಡೆ ಒಂದೊಂದು ಕಪ್ಪು. ಫೈರ್‌ವಾಲ್‌ಗೆ (ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ತಗಡು) ಯಾರೋ ಬ್ರಷ್‌ನಲ್ಲಿ ಹೊಳೆಯುವ ಕಪ್ಪು ಬಳಿದಿದ್ದಾರೆ, ಬ್ರಷ್ಷಿನ ಕೂದಲೂ ಅದರಲ್ಲೇ ಅಂಟಿಕೊಂಡಿದೆ. ಎರಡೂ ಪಕ್ಕದ ತಗಡಿಗೆ ಡಾಂಬರಿನಂಥದ್ದೇನೋ ಹಚ್ಚಿದ್ದಾರೆ, ಕೆರೆದರೆ ಉಗುರಿನ ಸಂದಿಗೆ ಮೆತ್ತಿಕೊಳ್ಳುತ್ತದೆ. ಬ್ಯಾಟರಿ ಟ್ರೇ ಕೆಳಗಂತೂ ಬಣ್ಣವೇ ಇಲ್ಲ, ಬರೀ ತುಕ್ಕು. ಹಾಳೆ ಹಾಳೆಯಾಗಿ ಏಳುತ್ತಿದೆ.

ಜೆ.ಸಿ. ರೋಡ್‌ನಲ್ಲಿ ವಿಚಾರಿಸಿದೆ. ಒಬ್ಬರು ಜೆಟ್ ಬ್ಲ್ಯಾಕ್ ಅಂದರು, ಪಕ್ಕದ ಅಂಗಡಿಯವರು ಮ್ಯಾಟ್ ಅಂದರು, ಇನ್ನೊಬ್ಬರು "ಚಾಸಿಸ್ ಬ್ಲ್ಯಾಕ್ ಹೊಡೀರಿ ಸಾರ್, ಎಲ್ಲಾ ಲಾರಿಗೂ ಅದೇ" ಅಂದರು. ತಲೆ ಕೆಟ್ಟಿತು. ಪೂರ್ತಿ ಹೊಳಪೋ, ಅರ್ಧ ಹೊಳಪೋ, ಮ್ಯಾಟೋ? ಎನಾಮಲ್ ಸಾಕಾ, ಪಿಯು (ಪಾಲಿಯುರಿಥೇನ್) ಬಣ್ಣ ಬೇಕಾ? ಸ್ಪ್ರೇ ಡಬ್ಬದಲ್ಲೇ ಮುಗಿಸಿದರೆ ಹೇಗೆ? ಗಾಡಿ ಶೋಗೆ ನಿಲ್ಲಿಸುವುದಕ್ಕಲ್ಲ, ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಕಡೆ ಓಡಿಸುವುದಕ್ಕೆ.

ತಗಡು_ಮತ್ತು_ಬಣ್ಣ

ಎಷ್ಟು ಹೊಳೆಯಬೇಕು ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ಯಾವ ಕಂಪನಿ ಡಬ್ಬ ಅನ್ನುವುದು ಆಮೇಲಿನ ಮಾತು.

ಹೊಳಪನ್ನು ಅಳೆಯುವ ಸಣ್ಣ ಮೀಟರ್ ಬರುತ್ತದೆ. 60 ಡಿಗ್ರಿ ಕೋನದಲ್ಲಿ ಬೆಳಕು ಬಿಟ್ಟು ಎಷ್ಟು ವಾಪಸ್ ಬಂತು ಅಂತ ನೋಡುತ್ತದೆ. ಜೆಟ್ ಬ್ಲ್ಯಾಕ್ 85ರ ಮೇಲೆ ತೋರಿಸುತ್ತದೆ. ಸ್ಯಾಟಿನ್, ಅಂದರೆ ಅರ್ಧ ಹೊಳಪು, 20ರಿಂದ 35ರ ಆಸುಪಾಸು. ಮ್ಯಾಟ್ 10ರ ಒಳಗೆ. ಹಳೇ ಗಾಡಿಯ ಎಂಜಿನ್ ಬೇಗೆ ನಾನು 30ರ ಹತ್ತಿರ ಇಟ್ಟುಕೊಳ್ಳುತ್ತೇನೆ.

ಯಾಕೆ ಅಂದರೆ, ಫಿಯಟ್ ಒಳಗಿನ ತಗಡು ಎಂದೂ ಕನ್ನಡಿಯಷ್ಟು ನೇರ ಇರಲಿಲ್ಲ. ಸ್ಪಾಟ್ ವೆಲ್ಡ್ ಗುಳಿ, ಪ್ರೆಸ್ಸಿನ ಗೆರೆ, ಐವತ್ತು ವರ್ಷದ ಸುತ್ತಿಗೆ ಏಟು, ಎಲ್ಲಾ ಇದೆ. ಪೂರ್ತಿ ಹೊಳೆಯುವ ಕಪ್ಪು ಹೊಡೆದರೆ ಒಂದೊಂದು ಗುಳಿಯೂ ಎದ್ದು ಕಾಣುತ್ತದೆ. ಅದನ್ನು ಮುಚ್ಚೋಕೆ ಪುಟ್ಟಿ ಹಾಕಬೇಕು. ಎಂಜಿನ್ ಅದುರುವ ಜಾಗದಲ್ಲಿ ದಪ್ಪ ಪುಟ್ಟಿ ಹಾಕಿದರೆ ಇವತ್ತಲ್ಲ ನಾಳೆ ಬಿರುಕು ಬಿಡುತ್ತದೆ. ಮೇಲಾಗಿ ಬೆಂಗಳೂರಿನ ಧೂಳು. ಹೊಳೆಯುವ ಕಪ್ಪಿನ ಮೇಲೆ ಧೂಳು ಸಂಜೆಯೊಳಗೆ ಕಾಣುತ್ತದೆ.

ಹಾಗಂತ ಮ್ಯಾಟ್ ಬೇಡ. ಎಣ್ಣೆ ಕೈ ತಗುಲಿದರೆ ಕಲೆ ಕೂರುತ್ತದೆ. ಬಟ್ಟೆಯಲ್ಲಿ ಜೋರಾಗಿ ಉಜ್ಜಿದರೆ ಆ ಜಾಗ ಮಾತ್ರ ಹೊಳೆಯುತ್ತದೆ, ಮತ್ತೆ ಮೊದಲಿನ ಥರ ಆಗುವುದೇ ಇಲ್ಲ. ಮ್ಯಾಟ್ ಬಣ್ಣಕ್ಕೆ ಪಾಲಿಶ್ ಹಾಕಿ ಸರಿಮಾಡಲು ಬರುವುದಿಲ್ಲ.

ಇನ್ನೊಂದು ವಿಷಯ, ಅಂಗಡಿಯವರು ಹೇಳುವುದಿಲ್ಲ. ಸ್ಯಾಟಿನ್‌ನಲ್ಲಿ ಹೊಳಪು ಕಮ್ಮಿ ಮಾಡುವ ಪುಡಿ ಇರುತ್ತದೆ, ಹೆಚ್ಚಾಗಿ ಸಿಲಿಕಾ. ಅದು ಡಬ್ಬದ ತಳದಲ್ಲಿ ಕೂತಿರುತ್ತದೆ. ತಳ ಮುಟ್ಟಿ ಚೆನ್ನಾಗಿ ಕಲಕದೆ ಸ್ಪ್ರೇ ಗನ್‌ಗೆ ಸುರಿದರೆ ಮೊದಲ ಅರ್ಧ ಹೊಳೆಯುತ್ತದೆ, ಉಳಿದರ್ಧ ಮಂಕು. ಒಂದೇ ಡಬ್ಬ, ಎರಡು ಬಣ್ಣ. ಆಮೇಲೆ ಕಂಪನಿಗೆ ಬೈದು ಏನು ಪ್ರಯೋಜನ?

ಒರಿಜಿನಲ್_ಪಕ್ಷ

ಎಲ್ಲರೂ ಯಾವ ಕಪ್ಪು ಅಂತ ಮಾತಾಡುತ್ತಿದ್ದೀರಿ. ಕಪ್ಪು ಯಾಕೆ ಅಂತ ಯಾರೂ ಕೇಳಲೇ ಇಲ್ಲ.

ಈ ಗಾಡಿ ಮುಂಬೈಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಬಂದಾಗ ಎಂಜಿನ್ ಬೇ ಬಾಡಿ ಬಣ್ಣದಲ್ಲೇ ಇತ್ತು. 1100 ಗಾಡಿ ಇಟಲಿಯಲ್ಲಿ 1953ರಲ್ಲೇ ಪ್ರತ್ಯೇಕ ಚಾಸಿಸ್ ಬಿಟ್ಟು ಒಂದೇ ಬಾಡಿಯಾಗಿ ಬಂತು. ಇಡೀ ಬಾಡಿಗೆ ಒಟ್ಟಿಗೆ ಬಣ್ಣ ಬೀಳುತ್ತಿತ್ತು, ಒಳಗೊಂದು ಹೊರಗೊಂದು ಅಂತ ಇರಲಿಲ್ಲ.

ಹಾಗಾದರೆ ಕಪ್ಪು ಎಲ್ಲಿಂದ ಬಂತು? ಯೂಟ್ಯೂಬ್‌ನಿಂದ. ಅಲ್ಲಿ ರೀಸ್ಟೋರ್ ಮಾಡುವುದು ಜಾಸ್ತಿ ಅಮೆರಿಕದ ಗಾಡಿಗಳನ್ನು. 1965ರ ಮಸ್ಟಾಂಗ್ ಹೊರಗೆ ಕೆಂಪಿರಲಿ ಬಿಳಿಯಿರಲಿ, ಬಾನೆಟ್ ಒಳಗೆ ಅರ್ಧ ಹೊಳಪಿನ ಕಪ್ಪು. ಅವರ ಕಾರ್ಖಾನೆಯಲ್ಲೇ ಹಾಗೆ. ಅದನ್ನು ನೋಡಿ ನಮ್ಮವರು ಫಿಯಟ್‌ಗೂ ಹೊಡೆಯುತ್ತಾರೆ. ಬ್ರಿಟನ್ನಿನ ಎಂಜಿಬಿ, ಹಳೇ ಮಿನಿ, ಈ ಗಾಡಿಗಳ ಒಳಗೂ ಬಾಡಿ ಬಣ್ಣವೇ.

ಕಪ್ಪು ಬೇಕಾದರೆ ಬಿಚ್ಚಿ ತೆಗೆಯುವ ಸಾಮಾನಿಗೆ ಹೊಡೆಯಿರಿ. ರೇಡಿಯೇಟರ್, ಏರ್ ಕ್ಲೀನರ್, ಬ್ಯಾಟರಿ ಕ್ಲಾಂಪ್. ತಗಡಿಗೆ ಬೇಡ. ನನ್ನ ಮಾತು ನಂಬಬೇಡಿ, ಕಂಪನಿ ಪ್ಲೇಟ್ ಬಿಚ್ಚಿ ಅದರ ಹಿಂದೆ ನೋಡಿ. ಅಲ್ಲಿ ಯಾವ ಪೇಂಟರ್ ಕೈಯೂ ಹೋಗಿರುವುದಿಲ್ಲ.

ಹಳೇ_ಸ್ಪ್ಯಾನರ್

ನಾನು ಮೆಕ್ಯಾನಿಕ್. ಬಣ್ಣದ ಚಂದ ನನಗೆ ಗೊತ್ತಿಲ್ಲ, ಆದರೆ ಕಪ್ಪು ಎಂಜಿನ್ ಬೇ ನಮ್ಮ ಶತ್ರು. ಲೀಕ್ ಕಾಣುವುದಿಲ್ಲ. ಬಿಳಿ ಅಥವಾ ತಿಳಿ ಬಣ್ಣದ ತಗಡಿನ ಮೇಲೆ ಎಣ್ಣೆ ಇಳಿದರೆ ಗೆರೆ ಎಲ್ಲಿಂದ ಶುರುವಾಗಿದೆ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಕಪ್ಪಿನಲ್ಲಿ ಬೆರಳಿಟ್ಟು ಹುಡುಕಬೇಕು. ಒಂದು ವಾಷರ್ ಕೆಳಗೆ ಬಿತ್ತು ಅಂದರೆ ಮುಗಿಯಿತು, ಟಾರ್ಚ್ ಹಿಡಿದುಕೊಂಡು ಅರ್ಧ ಗಂಟೆ.

ರಾತ್ರಿ ಹೊತ್ತು ತುಮಕೂರು ರೋಡ್‌ನಲ್ಲಿ ಬಾನೆಟ್ ಎತ್ತಿ ನಿಂತಾಗ ನನ್ನ ನೆನಪಾಗುತ್ತದೆ.

ಬಸವನಗುಡಿ_ಫಿಯಟ್

ಅಣ್ಣ, ಇದನ್ನು ಯೋಚಿಸಿರಲೇ ಇಲ್ಲ. ಒರಿಜಿನಲ್ ಸಾರ್, ಶನಿವಾರ ಪ್ಲೇಟ್ ಬಿಚ್ಚಿ ನೋಡಿ ಹೇಳುತ್ತೇನೆ.

ತಾರಸಿ_ಪೇಂಟರ್

ಸ್ಪ್ರೇ ಡಬ್ಬದ ಬಗ್ಗೆ ಯಾರೂ ಹೇಳಲಿಲ್ಲ. ನಾನು ಮನೆ ತಾರಸಿಯಲ್ಲಿ ಬ್ರಾಕೆಟ್, ಟ್ರೇ, ಫ್ಯಾನ್, ಎಲ್ಲಾ ಡಬ್ಬದಲ್ಲೇ ಮಾಡಿದ್ದೇನೆ. ಸಣ್ಣ ಸಾಮಾನಿಗೆ ಧಾರಾಳವಾಗಿ ಸಾಕು. ಆದರೆ ಇಡೀ ಎಂಜಿನ್ ಬೇ ಅಂದರೆ ಬೇಡ. 400 ಎಂಎಲ್ ಡಬ್ಬದಲ್ಲಿ ಬಣ್ಣಕ್ಕಿಂತ ಗ್ಯಾಸ್ ಮತ್ತು ಥಿನ್ನರ್ ಜಾಸ್ತಿ. ಸುರಿದಷ್ಟೂ ಖಾಲಿ, ಪದರ ಮಾತ್ರ ತೆಳ್ಳಗೆ. ಸಾಧಾರಣ ಡಬ್ಬದ ಬಣ್ಣಕ್ಕೆ ಪೆಟ್ರೋಲ್ ತಾಗಿದರೆ ಮೆತ್ತಗಾಗುತ್ತದೆ.

2ಕೆ ಡಬ್ಬ ಅಂತ ಬರುತ್ತದೆ. ತಳದಲ್ಲಿ ಒಂದು ಪಿನ್ ಇರುತ್ತದೆ, ಅದನ್ನು ಒತ್ತಿದರೆ ಒಳಗಿನ ಹಾರ್ಡ್‌ನರ್ (ಬಣ್ಣ ಗಟ್ಟಿ ಮಾಡುವ ದ್ರವ) ಬೆರೆಯುತ್ತದೆ. ಅದು ಗಟ್ಟಿ ಬಣ್ಣ. ಆದರೆ ಒತ್ತಿದ ಮೇಲೆ ಒಂದೆರಡು ದಿನದೊಳಗೆ ಖಾಲಿ ಮಾಡಲೇಬೇಕು. ಉಳಿದದ್ದು ಒಳಗೇ ಕಲ್ಲಾಗುತ್ತದೆ. ದುಡ್ಡೂ ಜಾಸ್ತಿ.

ಅಂಬಾಸಿಡರ್_ಅಕ್ಕ

ನನ್ನ ಅಂಬಾಸಿಡರ್‌ಗೆ ಬಣ್ಣ ಆರಿಸುವಾಗ ಯಾರ ಮಾತೂ ಕೇಳಲಿಲ್ಲ, ಪರೀಕ್ಷೆ ಮಾಡಿದೆ. ಹಳೇ ಎಣ್ಣೆ ಡಬ್ಬ ಕತ್ತರಿಸಿ ತಗಡಿನ ಪಟ್ಟಿ ಮಾಡಿಕೊಂಡೆ. ಒಂದಕ್ಕೆ ಸಿಂಥೆಟಿಕ್ ಎನಾಮಲ್, ಒಂದಕ್ಕೆ ಎನ್‌ಸಿ (ನೈಟ್ರೋಸೆಲ್ಯುಲೋಸ್ ಲ್ಯಾಕರ್), ಒಂದಕ್ಕೆ 2ಕೆ ಪಿಯು. ಚೆನ್ನಾಗಿ ಒಣಗಲು ಬಿಟ್ಟು ಪ್ರತಿಯೊಂದರ ಮೇಲೂ ಬ್ರೇಕ್ ಆಯಿಲ್, ಪೆಟ್ರೋಲ್, ಎಂಜಿನ್ ಆಯಿಲ್, ಕೂಲೆಂಟ್ ಒಂದೊಂದು ತೊಟ್ಟು ಬಿಟ್ಟೆ.

ಎಂಜಿನ್ ಆಯಿಲ್, ಕೂಲೆಂಟ್ ಯಾವುದಕ್ಕೂ ಏನೂ ಮಾಡಲಿಲ್ಲ. ಪೆಟ್ರೋಲ್‌ಗೆ ಎನ್‌ಸಿ ಮೆತ್ತಗಾಯಿತು, ಬೆರಳಿಟ್ಟರೆ ಗುರುತು ಬಿತ್ತು. ಬ್ರೇಕ್ ಆಯಿಲ್ ತಾಗಿದ ಎನಾಮಲ್ ಮಾತ್ರ ನೋಡಬೇಕಿತ್ತು. ಮೊದಲು ಸುಕ್ಕು ಬಂತು, ಆಮೇಲೆ ತಗಡು ಬಿಟ್ಟು ಮೇಲೆದ್ದಿತು. ಬೆಳಿಗ್ಗೆ ನೋಡಿದರೆ ಬೆರಳಲ್ಲಿ ತಳ್ಳಿದರೆ ಸಾಕು, ಸಿಪ್ಪೆ ಬರುವಂತೆ ಬಂತು. 2ಕೆ ಮೇಲೆ ಸಣ್ಣ ಕಲೆ, ಬೇಗ ಒರೆಸಿದ ಕಡೆ ಅದೂ ಇಲ್ಲ.

ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್ ಜಾತಿಯವು, ಬಣ್ಣ ತಿನ್ನುತ್ತವೆ. ನಮ್ಮ ಹಳೇ ಗಾಡಿಗಳ ಮಾಸ್ಟರ್ ಸಿಲಿಂಡರ್ ಒಂದಲ್ಲ ಒಂದು ದಿನ ಸೋರುವುದೇ. ಹಾಗಾಗಿ ನನ್ನ ಪ್ರಕಾರ ಎನಾಮಲ್ ಇಲ್ಲಿಗೇ ಔಟ್. ಬಣ್ಣ ತಿನ್ನುವುದಿಲ್ಲ ಅಂತ ಡಾಟ್ 5 ಸಿಲಿಕೋನ್ ಹಾಕಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಹಳೇ ಆಯಿಲ್ ಜೊತೆ ಬೆರೆಯುವುದಿಲ್ಲ. ಇಡೀ ಬ್ರೇಕ್ ಲೈನ್ ತೊಳೆದು, ರಬ್ಬರ್ ಸೀಲ್ ಬದಲಾಯಿಸಿ ಹಾಕಬೇಕು. ಬಣ್ಣಕ್ಕೋಸ್ಕರ ಬ್ರೇಕ್ ಜೊತೆ ಆಟ ಆಡುವುದಾ?

ತಗಡು_ಮತ್ತು_ಬಣ್ಣ

ಅಕ್ಕನ ಪಟ್ಟಿ ಪರೀಕ್ಷೆಗೆ ನನ್ನ ಓಟು. ಮ್ಯಾಟ್ ಹೀಟ್ ಪೇಂಟ್ ಅಂತ ಸಿಗುತ್ತದಲ್ಲ, ಅದನ್ನೂ ಒಂದು ಪಟ್ಟಿಗೆ ಹೊಡೆದು ನೋಡಿ. ಸುಮಾರು ಜನ "ಎಂಜಿನ್ ಹತ್ತಿರ ಬಿಸಿ ಜಾಸ್ತಿ" ಅಂತ ಇಡೀ ಬೇಗೆ ಅದನ್ನೇ ಹೊಡೆಸುತ್ತಾರೆ. ಅದು ಸಿಲಿಕೋನ್ ಜಾತಿ. ಸೈಲೆನ್ಸರ್, ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಮಾಡಿದ್ದು. ಚೆನ್ನಾಗಿ ಕಾದ ಮೇಲೇ ಗಟ್ಟಿಯಾಗುವುದು. ಪಕ್ಕದ ತಗಡು ಅಷ್ಟು ಕಾಯುವುದೇ ಇಲ್ಲ. ರೇಡಿಯೇಟರ್ ನೀರೇ 80, 90 ಡಿಗ್ರಿ. ಹಾಗಾಗಿ ಆ ಬಣ್ಣ ಅರೆಬೆಂದ ಸ್ಥಿತಿಯಲ್ಲೇ ಉಳಿದು ಪೆಟ್ರೋಲ್ ಬಟ್ಟೆಗೇ ಎದ್ದು ಬರುತ್ತದೆ. 2ಕೆ ಪಿಯು ಆ ಬಿಸಿಗೆ ಏನೂ ಆಗುವುದಿಲ್ಲ.

ಪಕ್ಕದ ತಗಡಿನ ಡಾಂಬರು ಅಂದಿರಲ್ಲ, ಅದು ಬ್ಲ್ಯಾಕ್ ಜಪಾನ್ ಅಥವಾ ಅಂಡರ್‌ಬಾಡಿ ಕೋಟಿಂಗ್ ಇರಬೇಕು. ಎರಡೂ ಬಿಟುಮೆನ್. ಕಪ್ಪು ಜಪಾನ್‌ಗೆ ಒಳ್ಳೆ ಇತಿಹಾಸವೇ ಇದೆ. ಫೋರ್ಡ್ ಮಾಡೆಲ್ ಟಿ 1914ರಿಂದ 1925ರ ತನಕ ಕಪ್ಪಲ್ಲಿ ಮಾತ್ರ ಬರುತ್ತಿತ್ತು. ಆ ಕಪ್ಪಿನಲ್ಲೂ ಆಸ್ಫಾಲ್ಟ್ ಇತ್ತು, ಆದರೆ ಅವರು ಒಲೆಯಲ್ಲಿಟ್ಟು ಬೇಯಿಸುತ್ತಿದ್ದರು. ನಮ್ಮಲ್ಲಿ ಬ್ರಷ್‌ನಲ್ಲಿ ಬಳಿದು ಬಿಡುತ್ತಾರೆ. ಪೆಟ್ರೋಲ್ ಬಿದ್ದರೆ ಕರಗುತ್ತದೆ, ಬಿಸಿಗೆ ಮೆತ್ತಗಾಗಿ ಧೂಳು ಹಿಡಿಯುತ್ತದೆ. ಅದರ ಮೇಲೆ ಏನು ಹೊಡೆದರೂ ಕಂದು ಬಣ್ಣ ಒಸರಿಕೊಂಡು ಮೇಲೆ ಬರುತ್ತದೆ. ಪೂರ್ತಿ ತೆಗೆಯಲೇಬೇಕು, ಬೇರೆ ದಾರಿ ಇಲ್ಲ.

ಪೀಣ್ಯ_ಕೋಟಿಂಗ್

ನಾನು ಪೌಡರ್ ಕೋಟಿಂಗ್ ಶೆಡ್‌ನಲ್ಲಿ ಕೆಲಸ ಮಾಡುವವನು. "ಬ್ಯಾಟರಿ ಟ್ರೇ, ಕ್ರಾಸ್ ಮೆಂಬರ್, ಬ್ರಾಕೆಟ್ ಎಲ್ಲಾ ಮಾಡಿಕೊಡಿ" ಅಂತ ಹಳೇ ಗಾಡಿಯವರು ಬರುತ್ತಲೇ ಇರುತ್ತಾರೆ. ಸುಮಾರು 180, 200 ಡಿಗ್ರಿ ಓವನ್‌ನಲ್ಲಿ ಬೇಯುವ ಬಣ್ಣ, ಗಟ್ಟಿ ಇರುತ್ತದೆ. ಆದರೆ ಎರಡು ಮಾತು.

ಪೌಡರ್ ಪದರ ದಪ್ಪ, ಕರೆಂಟ್ ಹೋಗುವುದಿಲ್ಲ. ಗಾಡಿಯ ಬಾಡಿಗೆ ಅರ್ಥ್ ವೈರ್ ಕೂರುವ ಜಾಗ, ಡೈನಮೋ ಬ್ರಾಕೆಟ್, ಬ್ಯಾಟರಿ ಅರ್ಥ್ ಬೋಲ್ಟ್, ಇಲ್ಲೆಲ್ಲಾ ಮಾಸ್ಕ್ ಮಾಡದೆ ಕೊಟ್ಟರೆ ಆಮೇಲೆ ಸೆಲ್ಫ್ ಎಳೆಯುವುದಿಲ್ಲ, ಹೆಡ್‌ಲೈಟ್ ಮಂಕು, ವೈರಿಂಗ್ ಮೇಲೆ ಅನುಮಾನ. ತಪ್ಪು ಬಣ್ಣದ್ದು. ಪಿಯು ಹೊಡೆಸಿದರೂ ಇದೇ ಮಾತು. ಅರ್ಥ್ ಜಾಗದಲ್ಲಿ ಬರಿ ಲೋಹ ಬಿಟ್ಟು, ಬೋಲ್ಟ್ ಬಿಗಿದ ಮೇಲೆ ಸ್ವಲ್ಪ ವ್ಯಾಸಲಿನ್ ಹಚ್ಚಿ.

ಎರಡನೆಯದು ಇನ್ನೂ ಮುಖ್ಯ. ಚಾಸಿಸ್ ನಂಬರ್ ಪಂಚ್ ಆಗಿರುವ ಜಾಗದಲ್ಲಿ ಪ್ರೈಮರ್, ಪುಟ್ಟಿ, ದಪ್ಪ ಕೋಟ್ ಯಾವುದೂ ಬೇಡ. ಆರ್‌ಸಿ ರಿನ್ಯೂವಲ್‌ಗೆ ಹೋದಾಗ ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ. ಅಕ್ಷರದ ಗುಳಿ ತುಂಬಿಹೋದರೆ ಕಾಗದದ ಮೇಲೆ ಏನೂ ಮೂಡುವುದಿಲ್ಲ. ಗ್ರೈಂಡರ್ ಅಂತೂ ಆ ಕಡೆಗೆ ತರಲೇಬೇಡಿ. ಅಲ್ಲಿ ಗೀಚಿದ ಗುರುತು ಕಂಡರೆ ಇನ್‌ಸ್ಪೆಕ್ಟರ್ ಹುಬ್ಬು ಮೇಲೇರುತ್ತದೆ. ಆ ಜಾಗಕ್ಕೆ ತೆಳುವಾದ ಒಂದು ಕೋಟ್, ಅಷ್ಟೇ.

ಬೋಲ್ಟ್‌ಗಳಿಗೆ ಬಣ್ಣ ಹೊಡೆಯಬೇಡಿ, ಸ್ಪ್ಯಾನರ್ ಹಾಕಿದ ತಕ್ಷಣ ಕಿತ್ತುಹೋಗುತ್ತದೆ. ಪೀಣ್ಯದಲ್ಲಿ ಬ್ಲ್ಯಾಕೋಡೈಸಿಂಗ್ (ರಾಸಾಯನಿಕದಲ್ಲಿ ಅದ್ದಿ ಲೋಹವನ್ನೇ ಕಪ್ಪು ಮಾಡುವುದು) ಮಾಡುವವರು ಇದ್ದಾರೆ, ಕೆ.ಜಿ. ಲೆಕ್ಕದಲ್ಲಿ ಮಾಡಿಕೊಡುತ್ತಾರೆ. ಮಾಡಿಸಿದ ಮೇಲೆ ಎಣ್ಣೆ ಸವರಿ ಇಡಿ, ಅದಿಲ್ಲದೆ ತುಕ್ಕು ತಡೆಯುವುದಿಲ್ಲ.

ಬಸವನಗುಡಿ_ಫಿಯಟ್

ಪ್ಲೇಟ್ ಬಿಚ್ಚಿದೆ. ಒರಿಜಿನಲ್ ಸಾರ್ ಹೇಳಿದ್ದು ನಿಜ, ಕೆಳಗೆ ಕಪ್ಪಿಲ್ಲ. ಆದರೆ ಇನ್ನೊಂದು ತಲೆನೋವು ಸಿಕ್ಕಿತು. ಪ್ಲೇಟ್ ಹಿಂದೆ ಇರುವುದು ತಿಳಿ ಹಸಿರು. ಎಷ್ಟು ಚೆನ್ನಾಗಿದೆ ಅಂದರೆ, ನಿನ್ನೆ ಹೊಡೆದಂತೆ ಇದೆ. ಸ್ಕ್ರೂ ತೂತಿನ ಸುತ್ತ ಮಾತ್ರ ಸಣ್ಣ ತುಕ್ಕಿನ ಉಂಗುರ. ಗಾಡಿ ಈಗ ಬಿಳಿ. ನನಗೆ ಬುದ್ಧಿ ಬಂದಾಗಿನಿಂದ ಬಿಳಿಯೇ. ಆರ್‌ಸಿಯಲ್ಲೂ ಬಿಳಿ. ಚಿಕ್ಕಪ್ಪನಿಗೂ ಹಸಿರು ನೆನಪಿಲ್ಲ. ಅತ್ತೆಗೆ ಫೋನ್ ಮಾಡಿದರೆ "ಹೌದಲ್ಲೋ, ಮೊದಲು ಹಸಿರೇ ಇತ್ತು, ನನ್ನ ಮದುವೆಗೆ ಮುಂಚೆ ತಾತ ಬಿಳಿ ಮಾಡಿಸಿದ್ದು" ಅಂದರು.

ಈಗ ಏನು ಮಾಡಲಿ? ಒಳಗೆ ಹಸಿರು ಹೊಡೆದರೆ ಹೊರಗೆ ಬಿಳಿ. ಒಳಗೂ ಬಿಳಿ ಹೊಡೆದರೆ ಅದೂ ಒರಿಜಿನಲ್ ಅಲ್ಲ.

ಒರಿಜಿನಲ್_ಪಕ್ಷ

ಇಡೀ ಗಾಡಿಯನ್ನು ಹಸಿರಿಗೆ ವಾಪಸ್ ತನ್ನಿ. ಇಷ್ಟು ಬಿಚ್ಚಿದ ಮೇಲೆ ಇನ್ನೇನು?

ಅಂಬಾಸಿಡರ್_ಅಕ್ಕ

ಸುಮ್ನೆ ಹೇಳುವುದು ಸುಲಭ ಸಾರ್. ಹೊರಗಿನ ಬಣ್ಣ ಬದಲಾಯಿಸಿದರೆ ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. ಬಾಗಿಲು, ಡಿಕ್ಕಿ, ಗ್ಲಾಸ್ ರಬ್ಬರ್, ಒಳಗಿನ ರೂಫ್ ಬಟ್ಟೆ, ಎಲ್ಲಾ ಬಿಚ್ಚಬೇಕು. ಅವರು ಕೇಳಿದ್ದು ಎಂಜಿನ್ ಬೇ. ಮೇಲಾಗಿ ಬಿಳಿ ಮಾಡಿಸಿದ್ದು ಅವರ ತಾತನೇ. ಅದೂ ಆ ಗಾಡಿಯ ಕಥೆ ಅಲ್ವಾ?

ಒರಿಜಿನಲ್_ಪಕ್ಷ

ತಾತನ ವಿಷಯ ಒಪ್ಪಿಕೊಂಡೆ. ಆದರೆ ಗಾಡಿಗೆ 50 ವರ್ಷ ದಾಟಿದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಂದ ತಿದ್ದುಪಡಿಯಲ್ಲಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹಳೇ ನಂಬರೂ ಉಳಿಯುತ್ತದೆ. ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು ಅಂತ ಅದರಲ್ಲೇ ಇದೆ.

ಪೀಣ್ಯ_ಕೋಟಿಂಗ್

ಆ ನೋಂದಣಿ ಮಾಡಿಸಿದರೆ ದಿನನಿತ್ಯ ಓಡಿಸುವ ಹಾಗಿಲ್ಲ ಸಾರ್. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೇ. ಇವರಿಗೆ ಭಾನುವಾರ ನಂದಿ ಬೆಟ್ಟ ಬೇಕು. ಇನ್ನು ಎಂಜಿನ್ ಬೇ ಬಣ್ಣ ಬಾಡಿಯ ಮೂಲ ರೂಪ ಬದಲಾಯಿಸಿದಂತಲ್ಲ, ತಗಡು ಕತ್ತರಿಸಿದರೆ ಬೇರೆ ಮಾತು.

ತಗಡು_ಮತ್ತು_ಬಣ್ಣ

ನನಗೆ ಕೇಳಿದರೆ ಈ ಗಾಡಿಗೆ ಕಪ್ಪೇ ಸರಿ. ಹೊರಗೆ ಬಿಳಿ ಉಳಿಯುವ ತನಕ ಒಳಗೆ ಹಸಿರು ಹೊಡೆದರೆ ಬೇರೆ ಗಾಡಿಯ ಮೂತಿ ತಂದು ಅಂಟಿಸಿದಂತೆ ಕಾಣುತ್ತದೆ, ಕೊಳ್ಳುವವರಿಗೆ ಆಕ್ಸಿಡೆಂಟ್ ಅನುಮಾನವೂ ಬರುತ್ತದೆ. ಬಿಳಿ ಹೊಡೆದರೆ ಮೂಲದಲ್ಲೂ ಬಿಳಿ ಇತ್ತು ಅಂತ ಸುಳ್ಳು ಹೇಳಿದಂತೆ. ಸ್ಯಾಟಿನ್ ಕಪ್ಪು ಯಾವ ಕಡೆಗೂ ವಾಲುವುದಿಲ್ಲ. ಮುಂದೆ ಎಂದಾದರೂ ಹಸಿರಿಗೆ ಹೋಗಬೇಕು ಅನಿಸಿದರೆ ಕಪ್ಪನ್ನು 320 ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಅದರ ಮೇಲೇ ಹೋಗಬಹುದು, ಕೆಳಗಿನ ಪ್ರೈಮರ್ ಗಟ್ಟಿ ಇದ್ದರೆ.

ಮತ್ತು ಪ್ಲೇಟ್ ಹಿಂದಿನ ಆ ಹಸಿರು ಚೌಕಕ್ಕೆ ಕೈ ಹಚ್ಚಬೇಡಿ. ಟೇಪ್ ಹಾಕಿ ಮುಚ್ಚಿ, ಸುತ್ತ ಬಣ್ಣ ಹೊಡೆದು, ಪ್ಲೇಟ್ ಅದರ ಮೇಲೇ ಕೂರಿಸಿ. ಬಣ್ಣದ ಸ್ಯಾಂಪಲ್ ಅಂತ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಹಳೇ_ಸ್ಪ್ಯಾನರ್

ಅಂತೂ ಕಪ್ಪೇ ಗೆದ್ದಿತು. ಸರಿ, ಆದರೆ ಬಾನೆಟ್ ಒಳಮೈಗಾದರೂ ಬಿಳಿ ಬಿಡಿ. ಅದರ ಕೆಳಗೆ ಒಂದು ಲೈಟ್ ನೇತುಹಾಕಿದರೆ ಬೆಳಕು ಕೆಳಗೆ ಚೆಲ್ಲುತ್ತದೆ, ವಾಷರ್ ಹುಡುಕುವುದು ಸಲೀಸು.

ಬಸವನಗುಡಿ_ಫಿಯಟ್

ಅಣ್ಣ, ಇದು ಸೂಪರ್. ಬಾನೆಟ್ ಒಳಗೆ ಬಿಳಿಯೇ ಇರುತ್ತದೆ. ಉಳಿದದ್ದು ಸ್ಯಾಟಿನ್ ಕಪ್ಪು, 2ಕೆ. ಈಗ ಕೆಳಗಿನ ತಯಾರಿ ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೀರಾ? ಗ್ಯಾರೇಜಿನ ಪೇಂಟರ್ "ಡೀಸೆಲ್‌ನಲ್ಲಿ ತೊಳೆದು ರೆಡ್ ಆಕ್ಸೈಡ್ ಹೊಡೆದು ಮೇಲೆ ಕಪ್ಪು, ಎರಡು ದಿನದ ಕೆಲಸ" ಅನ್ನುತ್ತಿದ್ದಾರೆ.

ತಗಡು_ಮತ್ತು_ಬಣ್ಣ

ಎರಡು ದಿನದಲ್ಲಿ ಆಗುವುದಿಲ್ಲ. ಇಲ್ಲಿ ಅವಸರ ಮಾಡಿದರೆ ಮೇಲೆ ಎಂಥ ಬಣ್ಣ ಹೊಡೆದರೂ ನೀರಲ್ಲಿ ಹೋಮ ಮಾಡಿದಂತೆ.

ಡೀಸೆಲ್ ಗ್ರೀಸ್ ಬಿಡಿಸುತ್ತದೆ, ನಿಜ. ಆದರೆ ತಾನೂ ಎಣ್ಣೆಯ ಪದರ ಬಿಟ್ಟು ಹೋಗುತ್ತದೆ. ಅದಾದ ಮೇಲೆ ಸೋಪು ಪುಡಿ ಹಾಕಿ ಬಿಸಿ ನೀರಲ್ಲಿ ಗಟ್ಟಿ ಬ್ರಷ್‌ನಿಂದ ಉಜ್ಜಿ. ಮೂಲೆಗೆ ಹಳೇ ಟೂತ್‌ಬ್ರಷ್. ಬ್ಯಾಟರಿ ಕೆಳಗಿನ ಜಾಗಕ್ಕೆ ಅಡುಗೆ ಸೋಡಾ ಕರಗಿಸಿ ಸುರಿಯಿರಿ, ಬುಸ್ ಅಂತ ನೊರೆ ಬಂದರೆ ಆಸಿಡ್ ಇನ್ನೂ ಇದೆ ಅಂತ ಅರ್ಥ. ನೊರೆ ನಿಲ್ಲುವ ತನಕ ಮಾಡಿ, ತೊಳೆದು ಒಣಗಿಸಿ. ಕೊನೆಗೆ ವ್ಯಾಕ್ಸ್ ಗ್ರೀಸ್ ರಿಮೂವರ್, ಒಂದು ಬಟ್ಟೆಯಲ್ಲಿ ಹಚ್ಚಿ ಒಣಗುವ ಮುಂಚೆ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ. ಡ್ಯಾಶ್‌ಬೋರ್ಡ್ ಪಾಲಿಶ್ ಆ ಶೆಡ್‌ನಲ್ಲೇ ಇರಬಾರದು. ಅದರ ಸಿಲಿಕೋನ್ ಗಾಳಿಯಲ್ಲಿ ಬಂದು ಕೂತರೂ ಸಾಕು, ಬಣ್ಣ ದುಂಡು ದುಂಡಾಗಿ ಬಿಟ್ಟುಕೊಳ್ಳುತ್ತದೆ. ಫಿಶ್ ಐ ಅಂತೀವಲ್ಲ, ಅದೇ.

ಹಳೇ ಬಣ್ಣ ಏನು ಅಂತ ನೋಡಬೇಕಾದರೆ ಹತ್ತಿಗೆ ಎನ್‌ಸಿ ಥಿನ್ನರ್ ಹಾಕಿ ಮೂಲೆಯಲ್ಲಿ ಉಜ್ಜಿ. ಹತ್ತಿಗೆ ಬಣ್ಣ ಬಂದರೆ ಎನ್‌ಸಿ. ಸುಕ್ಕು ಬಂದರೆ ಎನಾಮಲ್. ಏನೂ ಆಗದಿದ್ದರೆ ಕಂಪನಿಯ ಬೇಯಿಸಿದ ಬಣ್ಣ ಅಥವಾ 2ಕೆ. ಸುಕ್ಕು ಬರುವುದನ್ನು ಪೂರ್ತಿ ತೆಗೆಯಿರಿ. ನಿಮ್ಮ ಫೈರ್‌ವಾಲ್‌ನ ಬ್ರಷ್ ಕಪ್ಪು ಸುಕ್ಕು ಬರುತ್ತದೆ, ನೋಡುತ್ತಿರಿ.

ಟ್ರೇ ಕೆಳಗಿನ ತುಕ್ಕನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಒಳಗೆ ಹೋದರೆ ಬಣ್ಣದ ಮಾತು ಬಿಡಿ, ಟಿಂಕರ್ ಕರೆಸಿ ಹೊಸ ತಗಡು ವೆಲ್ಡ್ ಮಾಡಿಸಿ. ಈ ಗಾಡಿಗೆ ಬಾಡಿಯೇ ಚಾಸಿಸ್, ಅಲ್ಲಿ ಬಲ ಬೇಕು. ಗಟ್ಟಿ ಇದ್ದರೆ ವೈರ್ ಬ್ರಷ್, ಆಮೇಲೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್. ಆದರೆ ಅದರ ಆಸಿಡ್ ಉಳಿದರೆ ಮೇಲೆ ಹೊಡೆಯುವ ಎಪಾಕ್ಸಿ ಪ್ರೈಮರ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಡಬ್ಬದ ಮೇಲೆ ಹೇಳಿದಂತೆ ತೊಳೆದು ಉಜ್ಜಿ. ಎಚ್ ಪ್ರೈಮರ್ (ಆಸಿಡ್ ಇರುವ ಪ್ರೈಮರ್) ಮೇಲೆ ಎಪಾಕ್ಸಿ ಹೊಡೆಯುವುದೂ ಬೇಡ, ಅದೇ ಕಾರಣ.

ಬರಿ ತಗಡಿಗೆ 180 ಪೇಪರ್, ನೇರವಾಗಿ ಎಪಾಕ್ಸಿ ಪ್ರೈಮರ್ ಎರಡು ಕೋಟ್. ರೆಡ್ ಆಕ್ಸೈಡ್ ಗೇಟಿಗೆ, ಗ್ರಿಲ್ಲಿಗೆ ಚೆನ್ನ. ಅದರ ಮೇಲೆ ಪಿಯು ಥಿನ್ನರ್ ಬಿದ್ದರೆ ಏಳುವ ಸಾಧ್ಯತೆ ಜಾಸ್ತಿ. ಎಪಾಕ್ಸಿ ಹೊಡೆದ ಮೇಲೆ ಎಷ್ಟು ಹೊತ್ತಿನೊಳಗೆ ಉಜ್ಜದೆ ಮುಂದಿನ ಕೋಟ್ ಹೊಡೆಯಬಹುದು ಅಂತ ಕಂಪನಿ ಶೀಟ್‌ನಲ್ಲಿ ಇರುತ್ತದೆ. ಅದು ದಾಟಿದರೆ 400 ಪೇಪರ್ ಅಥವಾ ಮೆರೂನ್ ಸ್ಕಾಚ್‌ಬ್ರೈಟ್ ಹಾಕಿ ಆಮೇಲೆ ಕಪ್ಪು.

ತಾರಸಿ_ಪೇಂಟರ್

ಹವಾಮಾನವನ್ನೂ ಸೇರಿಸಿ ಅಣ್ಣ. ಮಳೆಗಾಲದಲ್ಲಿ ಸಂಜೆ ಹೊಡೆದರೆ ಎನ್‌ಸಿ ಬೆಳ್ಳಗಾಗಿಬಿಡುತ್ತದೆ.

ತಗಡು_ಮತ್ತು_ಬಣ್ಣ

ಹೌದು. ಥಿನ್ನರ್ ಬೇಗ ಹಾರಿ ತಗಡು ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಿಳಿ ಮಬ್ಬು. ನಿಧಾನ ಆರುವ ಥಿನ್ನರ್ ಹಾಕಿದರೆ ಸ್ವಲ್ಪ ತಪ್ಪುತ್ತದೆ. 2ಕೆಗೆ ಅಷ್ಟು ಕಾಟ ಇಲ್ಲ, ಆದರೆ ಸ್ಯಾಟಿನ್ ಹೊಳಪು ಹೆಚ್ಚುಕಮ್ಮಿ ಆಗುತ್ತದೆ. ಕಂಪ್ರೆಸರ್‌ಗೆ ನೀರು ಹಿಡಿಯುವ ಫಿಲ್ಟರ್ ಇದೆಯಾ ನೋಡಿ. ನಮ್ಮ ಊರಲ್ಲಿ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಡಿಸೆಂಬರ್, ಜನವರಿ ಹಗಲು ಚೆನ್ನಾಗಿರುತ್ತದೆ, ಆದರೆ ರಾತ್ರಿ 15, 16 ಡಿಗ್ರಿಗೆ ಇಳಿಯುವಾಗ ಎಪಾಕ್ಸಿ ಗಟ್ಟಿಯಾಗುವುದು ನಿಧಾನ. ಬೆಳಿಗ್ಗೆ ಹೊಡೆದು ಹಗಲೆಲ್ಲಾ ಬಿಡಿ.

ಇದೊಂದು ಮಾತ್ರ ತಮಾಷೆಯಲ್ಲ. 2ಕೆ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಮೂಗಿಗೆ ಒದ್ದೆ ಕರ್ಚೀಫ್ ಕಟ್ಟಿಕೊಂಡು ಹೊಡೆಯುವ ಪೇಂಟರ್‌ಗಳು ಇವತ್ತೂ ಇದ್ದಾರೆ. ಅದಕ್ಕೆ ವಾಸನೆಯೇ ಇರುವುದಿಲ್ಲ ಅಂತಲೇ ಹೇಳಬಹುದು, ಹಾಗಾಗಿ ಒಳಗೆ ಹೋಗುತ್ತಿರುವುದೇ ಗೊತ್ತಾಗುವುದಿಲ್ಲ. ಒಮ್ಮೆ ಮೈಗೆ ಹಿಡಿಯಿತು ಅಂದರೆ ಆಮೇಲೆ ಸ್ವಲ್ಪ ತಾಗಿದರೂ ಆಸ್ತಮಾ. ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಇರುವ ಪೇಂಟ್ ಬೂತ್‌ನಲ್ಲೇ ಹೊಡೆಸಿ. ಮನೆ ಶೆಡ್‌ನಲ್ಲಿ ನೀವೇ ಮಾಡುವುದು ಬೇಡ. ತಯಾರಿ ಕೆಲಸ ಬೇಕಾದಷ್ಟು ಮಾಡಿ, ಉಜ್ಜುವುದಕ್ಕೆ ಧೂಳಿನ ಮಾಸ್ಕ್ ಸಾಕು.

ಅಂಬಾಸಿಡರ್_ಅಕ್ಕ

ಬೂತ್‌ನವರಿಗೆ ಬರೀ "ಸ್ಯಾಟಿನ್" ಅಂತ ಹೇಳಿ ಬರಬೇಡಿ. ಒಬ್ಬೊಬ್ಬರ ಸ್ಯಾಟಿನ್ ಒಂದೊಂದು ಥರ. ಮೊದಲು ಒಂದು ತಗಡಿನ ಪಟ್ಟಿಗೆ ಹೊಡೆಸಿ ತನ್ನಿ. ಮೂರು ಕಡೆ ಇಟ್ಟು ನೋಡಿ: ಬಿಸಿಲಲ್ಲಿ, ಟ್ಯೂಬ್‌ಲೈಟ್ ಕೆಳಗೆ, ಬಾನೆಟ್ ನೆರಳಲ್ಲಿ. ಅಂಗಡಿಯ ಬೆಳಕಲ್ಲಿ ಚೆನ್ನಾಗಿ ಕಂಡದ್ದು ಬಿಸಿಲಲ್ಲಿ ಕಂದು ಹೊಡೆಯಬಹುದು, ಕೆಲವು ನೀಲಿ ಹೊಡೆಯುತ್ತವೆ. ಏರ್ ಕ್ಲೀನರ್ ಡಬ್ಬಕ್ಕೆ ಹೊಳೆಯುವ ಕಪ್ಪು, ಹಿಂದಿನ ತಗಡಿಗೆ ಸ್ಯಾಟಿನ್ ಇಟ್ಟರೆ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಎಲ್ಲಾ ಒಂದೇ ಹೊಳಪಾದರೆ ಒಳಗೆ ಕತ್ತಲೆ ಗುಹೆ.

ಬಸವನಗುಡಿ_ಫಿಯಟ್

ಪಟ್ಟಿ ಮಾಡಿಸಿದೆ ಅಕ್ಕ. ಮೊದಲನೆಯದು ಬಿಸಿಲಲ್ಲಿ ತುಂಬಾ ಹೊಳೆಯಿತು, ಹೊಳಪು ಇನ್ನಷ್ಟು ಕಮ್ಮಿ ಮಾಡಿಸಿ ಇನ್ನೊಂದು ಹೊಡೆಸಿದೆ. ಅದು ಓಕೆ. ಬ್ರೇಕ್ ಆಯಿಲ್ ಬಿಟ್ಟು ನೋಡಿದೆ, ಒರೆಸಿದರೆ ಹೋಯಿತು. ಟ್ರೇ ಕೆಳಗೆ ಸ್ಕ್ರೂಡ್ರೈವರ್ ಒಂದು ಕಡೆ ಒಳಗೇ ಹೋಯಿತು, ಟಿಂಕರ್ ಅಂಗೈ ಅಗಲದ ತಗಡು ಹಾಕುತ್ತಿದ್ದಾರೆ. ಹಸಿರು ಚೌಕಕ್ಕೆ ಟೇಪ್ ಹಾಕಿದ್ದೇನೆ.

ಕೊನೆಯ ಪ್ರಶ್ನೆ. ಉಳಿದ ಸ್ಯಾಟಿನ್ ಕಪ್ಪನ್ನೇ ರೇಡಿಯೇಟರ್‌ಗೂ ಹೊಡೆಸಲಾ?

ತಗಡು_ಮತ್ತು_ಬಣ್ಣ

ಮೇಲಿನ ಕೆಳಗಿನ ಟ್ಯಾಂಕ್‌ಗೆ, ಪಕ್ಕದ ಪಟ್ಟಿಗೆ ಹೊಡೆಸಿ. ನಡುವಿನ ಜಾಲರಿಗೆ ಬೇಡ. ದಪ್ಪ ಬಣ್ಣ ರೆಕ್ಕೆಗಳ ಸಂದಿ ಮುಚ್ಚಿದರೆ ಗಾಳಿ ಹೋಗುವುದಿಲ್ಲ, ಟ್ರಾಫಿಕ್‌ನಲ್ಲಿ ಗಾಡಿ ಬಿಸಿಯಾಗುತ್ತದೆ. ಜಾಲರಿಗೆ ತೆಳುವಾದ ಮ್ಯಾಟ್ ಕಪ್ಪು, ದೂರದಿಂದ ಒಂದೇ ಸಲ ಧೂಳಿನಂತೆ ಬೀಳಿಸಿದರೆ ಸಾಕು. ಹಿಂದಿನಿಂದ ನೋಡಿದಾಗ ಬೆಳಕು ಮೊದಲಿನಷ್ಟೇ ಆಚೆ ಕಾಣಬೇಕು.

ಹಳೇ_ಸ್ಪ್ಯಾನರ್

ಬಣ್ಣಕ್ಕೆ ಕೊಡುವ ಮುಂಚೆ ಅದೇ ರೇಡಿಯೇಟರನ್ನು ರಾಡಿಂಗ್ (ಒಳಗಿನ ನಳಿಗೆಗಳಿಗೆ ಕಂಬಿ ಹಾಕಿ ಶುಚಿ) ಮಾಡಿಸಿ, ಪ್ರೆಷರ್ ಹಾಕಿ ಲೀಕ್ ನೋಡಿಸಿ. ಬಣ್ಣ ಹೊಡೆದ ಮೇಲೆ ಬೆಸುಗೆ ಹಾಕಿಸಿದರೆ ಬಣ್ಣ ಸುಟ್ಟುಹೋಗುತ್ತದೆ.